ಮೈಕಮ್ಮನ ಮನೆತನದ ಕಿವಿ

ಗಿರಣಿಯ ಮಗ್ಗದ ಶೆಡ್ಡಿನಲ್ಲಿ ಅವಳಿಗೆ ಮೈಕಮ್ಮ ಎಂದೇ ಹೆಸರು. ಮನೆಯಲ್ಲಿ ಅವಳು ಉಪ್ಪು ಕೇಳಿದರೆ ಬೀದಿಯಾಚೆಯವರು ಡಬ್ಬಿ ಹಿಡಿದು ಬರಬೇಕು, ಅಂಥ ಮೈಕಿನ ಗಂಟಲು! ತಾತ ಕಿವುಡ, ಅಪ್ಪ ಕಿವುಡ, ಇಬ್ಬರೂ ಅದೇ ಶೆಡ್ಡಿನಲ್ಲಿ ನೇಯ್ದವರು. ಈಗ ಇವಳ ಸರದಿ.

“ನೂಲಿನಂತೆ ಸೀರೆ ಕಣ್ರೇ. ನಮ್ಮ ರಕ್ತದಲ್ಲೇ ಇದೆ,” ಎನ್ನುತ್ತಿದ್ದಳು, ಏನೋ ಆಸ್ತಿ ಇದ್ದವರ ಹಾಗೆ. ಬೇಕರಿಯಲ್ಲಿ ದುಡಿಯುವ ಮಗನ ಕಿವಿ ಮಾತ್ರ ಬಲು ಚುರುಕು. ಕೇಳಿದರೆ, “ಇವನಲ್ಲಿ ಅಡಗಿ ಕೂತಿದೆ, ಮೊಮ್ಮಗೂಗೆ ಬರತ್ತೆ ನೋಡ್ತಿರಿ,” ಎಂದು ವಾದ.

ಸೊಸೆ ಬಸುರಿಯಾದ ಮೇಲೆ ಆ ವಾದವೇ ಅವಳ ಎದೆಯ ಮೇಲೆ ಕೂತಿತು. ತನ್ನ ಕಿವುಡು ನಿಜವಾಗಿಯೂ ಕೂಸಿಗೆ ಇಳಿದುಬಿಟ್ಟರೆ? ಅನ್ನ ಸೇರಲಿಲ್ಲ. ಐದನೇ ತಿಂಗಳಲ್ಲಿ ಸೊಸೆಯನ್ನೂ ಎಳೆದುಕೊಂಡು ಕಿವಿ ಡಾಕ್ಟರಮ್ಮನ ಹತ್ತಿರ ಹೋದಳು.

ಡಾಕ್ಟರಮ್ಮ ಏನು ಕೇಳಿದರೂ ಸೊಸೆ, “ಏನಂದ್ರಿ?” ಎನ್ನುತ್ತಿದ್ದಳು. ಅವಳಿಗೂ ಮಗ್ಗದ ಕೆಲಸ, ಅತ್ತೆಯ ಪಕ್ಕದ್ದೇ ಮಗ್ಗ. ಆ ಸದ್ದಿನಲ್ಲಿ ತುಟಿ ನೋಡಿಯೇ ಮಾತಾಡಬೇಕು. ಯಾರ ಕಿವಿ ಎಷ್ಟು ಕೆಟ್ಟಿದೆ ಎಂದು ಯಾರಿಗೆ ಗೊತ್ತಾದೀತು? ಮೈಕಮ್ಮನ ರಕ್ತದ ಕಥೆ ಕೇಳಿದ ಡಾಕ್ಟರಮ್ಮ ಇಬ್ಬರನ್ನೂ ಪರೀಕ್ಷೆ ಮಾಡಿದರು. ಸೊಸೆಯ ಕಿವಿಯೂ ಅತ್ತೆಯ ಕಿವಿಯ ಹಾಗೇ ಕೆಡತೊಡಗಿತ್ತು.

“ಇವಳು ನಿಮ್ಮ ಮಗಳಾ?”

“ಮಗಳಿಗಿಂತ ಹೆಚ್ಚು. ಸೊಸೆ.”

“ಹಾಗಾದ್ರೆ ನಿಮ್ಮ ರಕ್ತ ಇವಳ ಕಿವಿಗೆ ಯಾವ ದಾರೀಲಿ ಬಂತಮ್ಮ?”

ಮೈಕಮ್ಮ ಸೊಸೆಯ ಕಿವಿಯನ್ನೊಮ್ಮೆ, ತನ್ನ ಕಿವಿಯನ್ನೊಮ್ಮೆ ಮುಟ್ಟಿ ನೋಡಿದಳು.

ಡಾಕ್ಟರಮ್ಮ ಅವಳ ಕಿವಿಯ ಹತ್ತಿರ ಬಾಗಿ ಬಿಡಿಸಿ ಹೇಳಿದರು. “ಒಳಗಿವಿಯಲ್ಲಿ ಕೂದಲಿನಂಥ ಎಳೆಗಳಿರೋ ಜೀವಕೋಶಗಳಿವೆ. ದಿನಾ ತುಳಿದ ಹುಲ್ಲಿನ ಹಾಗೆ ಮಗ್ಗದ ಸದ್ದಿಗೆ ಅವು ಸಾಯ್ತವೆ. ಹಕ್ಕಿಗಳಿಗಾದ್ರೆ ಮತ್ತೆ ಹುಟ್ಟುತ್ತವೆ, ನಮಗೆ ಆ ಭಾಗ್ಯ ಇಲ್ಲ. ಆದರೆ ಸದ್ದಿಗೆ ಕೆಟ್ಟ ಕಿವಿ ರಕ್ತದಲ್ಲಿ ಮಕ್ಕಳಿಗೆ ಹೋಗಲ್ಲ.”

ಮೈಕಮ್ಮನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

“ಇನ್ನೊಂದು ಮಾತು. ಹೊಟ್ಟೆಯಲ್ಲಿರೋ ಕೂಸಿಗೆ ಇನ್ನು ಸ್ವಲ್ಪ ದಿನದಲ್ಲಿ ಕೇಳಿಸೋಕೆ ಶುರುವಾಗತ್ತೆ. ಇವಳನ್ನ ಆ ಶೆಡ್ಡಿಂದ ಹೊರಗಿಡಿ. ಇವಳ ಕಿವೀಲಿ ಉಳಿದಿರೋದಾದ್ರೂ ಉಳೀಲಿ.”

ಸೊಸೆಯ ಕೈಹಿಡಿದು ಶೆಡ್ಡಿಗೆ ಕರೆತಂದವಳು ಯಾರು? ತಾನೇ. ಮನೆಗೆ ಬರುವ ದಾರಿಯುದ್ದಕ್ಕೂ ಮೈಕಮ್ಮ ಅತ್ತಳು.

“ಸಾಕು ಬಿಡಿ ಅತ್ತೆ, ಜನ ನೋಡ್ತಾರೆ,” ಎಂದು ಸೊಸೆ ಸೆರಗಿನಿಂದ ಅವಳ ಕಣ್ಣೊರೆಸಿದಳು.

ಮರುದಿನ ಮೇಸ್ತ್ರಿಯ ಮುಂದೆ ನಿಂತ ಮೈಕಮ್ಮ, “ಇವಳನ್ನ ಬಟ್ಟೆ ಮಡಚೋ ಕೋಣೆಗೆ ಹಾಕಪ್ಪ. ಆಗಲ್ಲ ಅಂದ್ರೆ ನನ್ನ ಮಗ್ಗಾನೂ ನಿಲ್ಲತ್ತೆ,” ಎಂದಳು. ಅಂಥ ಕೈಗುಣದ ನೇಯ್ಗೆಯವಳನ್ನು ಕಳೆದುಕೊಳ್ಳಲು ಅವನೇನು ದಡ್ಡನೇ? ಗೊಣಗುತ್ತಲೇ ಒಪ್ಪಿದ.

ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯವರು ಪರೀಕ್ಷೆ ಮಾಡಿ ಕಿವಿ ಚೆನ್ನಾಗಿದೆ ಎಂದರು. ಅಜ್ಜಿಗೆ ನಂಬಿಕೆ ಬರಬೇಕಲ್ಲ! ತೊಟ್ಟಿಲ ಹಿಂದೆ ನಿಂತು ಒಂದು ಚಪ್ಪಾಳೆ ತಟ್ಟಿದಳು. ಕೂಸು ಬೆಚ್ಚಿ ಕೈಕಾಲು ಬಡಿದು ಬಾಯಿ ತೆರೆಯಿತು. ಮೈಕಮ್ಮನಿಗೆ ಕಂಡದ್ದು ತೆರೆದ ಬಾಯಿ, ಕೆಂಪಾದ ಮುಖ, ಅಷ್ಟೇ. ಅಳು ಕೇಳಿಸಲಿಲ್ಲ.

ಸೊಸೆಯ ಕಡೆ ತಿರುಗಿ, “ನಿನಗೆ ಕೇಳಿಸ್ತೇನೇ?” ಎಂದಳು.

ಸೊಸೆ ಮಗುವನ್ನೆತ್ತಿಕೊಂಡು, ಅತ್ತೆಗೆ ತನ್ನ ತುಟಿ ಕಾಣುವಂತೆ ನಿಂತಳು. “ಕೇಳಿಸ್ತಿದೆ ಅತ್ತೆ. ಚೆನ್ನಾಗಿ ಕೇಳಿಸ್ತಿದೆ.”