ಅಕ್ಕ ಬೆರೆಸಿದ ಕೆಂಪು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಹಾಲಿನವನಿಂದ ಹಿಡಿದು ಟಾಕೀಸಿನ ಯಜಮಾನರವರೆಗೆ ಎಲ್ಲರ ಬಾಯಲ್ಲೂ ಅವಳು ಬಣ್ಣದಕ್ಕ. ಹಾಗೆಂದು ಬಣ್ಣಬಣ್ಣದ ಬಟ್ಟೆ ತೊಡುವವಳೇನಲ್ಲ. ಬೀದಿಯವರು ಅವಳನ್ನು ಕಂಡದ್ದೆಲ್ಲ ಒಂದೇ ಬೂದು ಏಪ್ರನ್ನಿನಲ್ಲಿ. ಆದರೆ ಅವಳ ಉಗುರಿನ ಸಂದು ನೋಡಿದರೆ ಸಾಕು, ಆ ವಾರ ಟಾಕೀಸಿನಲ್ಲಿ ಅಳಿಸುವ ಸಿನಿಮಾವೋ ಹೊಡೆದಾಡುವ ಸಿನಿಮಾವೋ ಹೇಳಿಬಿಡಬಹುದಿತ್ತು. ನೀಲಿ ಇದ್ದರೆ ಕರವಸ್ತ್ರ ಇಟ್ಟುಕೊಂಡು ಹೋಗಬೇಕು. ಕೆಂಪು ಇದ್ದರೆ ಬೇಗ ಹೋಗಿ ಮುಂದಿನ ಸಾಲು ಹಿಡಿಯಬೇಕು.

ಅಕ್ಕ, ತಮ್ಮ ಇಬ್ಬರದೇ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಮುಂದಿನ ಕೋಣೆಯಲ್ಲಿ ತಮ್ಮನ ಚಿತ್ರ ಬರೆಯುವ ಮೇಜು. ಹಿಂದಿನ ಕೋಣೆಯಲ್ಲಿ ಪ್ರಿಂಟು ಎಳೆಯುವ ಉದ್ದನೆಯ ಹಲಗೆ, ಗೋಡೆಗೆ ಒರಗಿಸಿದ ಜಾಲರಿ ಬಟ್ಟೆಯ ಚೌಕಟ್ಟುಗಳು, ಹಾಳೆ ಒಣಹಾಕುವ ತಂತಿಯ ರ್ಯಾಕು, ಇಂಕಿನ ಡಬ್ಬಿಗಳು, ಮೂಗಿಗೆ ಹೊಡೆಯುವ ಥಿನ್ನರ್ ವಾಸನೆ. ತಮ್ಮ ಚಿತ್ರ ಬರೆಯುತ್ತಿದ್ದ. ಅಕ್ಕ ಬಣ್ಣ ಬೆರೆಸುತ್ತಿದ್ದಳು. ಇಬ್ಬರೂ ಸೇರಿ ಪ್ರಿಂಟು ಎಳೆಯುತ್ತಿದ್ದರು. ತಮ್ಮನ ಕೈಯಲ್ಲಿ ಮೂಡಿದ ಹೀರೋ ಹಾಳೆಯಿಂದ ಹಾರಿ ಎದುರು ಫುಟ್‌ಪಾತಿಗೆ ಬಂದು ಬೀಳುತ್ತಾನೇನೋ ಅನ್ನುವಷ್ಟು ಜೀವ ಇರುತ್ತಿತ್ತು. ಜನ ಹೊಗಳಿದರೆ ಅವನು ತಲೆ ತಗ್ಗಿಸಿ ಪೆನ್ಸಿಲ್ ಕೆತ್ತುತ್ತಿದ್ದ. ನಾಚಿಕೆ ಸ್ವಭಾವ ಅಂದುಕೊಂಡು ಜನ ಇನ್ನಷ್ಟು ಹೊಗಳುತ್ತಿದ್ದರು.

ನಾಚಿಕೆಯೇನೂ ಅಲ್ಲ. ಅವನಿಗೆ ಕೆಂಪೂ ಹಸಿರೂ ಒಂದೇ ತರ ಕಾಣುತ್ತಿದ್ದವು. ಎರಡೂ ಅವನ ಪಾಲಿಗೆ ಮಣ್ಣು.

ಈ ಗುಟ್ಟು ಹುಟ್ಟಿದ್ದು ಅವನು ಚಿಕ್ಕವನಿದ್ದಾಗ, ಶಾಲೆಯಲ್ಲಿ ಮರ ಬರೆದು ಎಲೆಗೆಲ್ಲ ಕೆಂಪು ಬಳಿದ ದಿನ. ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತ್ತು. ಹುಡುಗ ಮನೆಗೆ ಬಂದು ಮಂಚದ ಕೆಳಗೆ ಸೇರಿಕೊಂಡ. ಅಮ್ಮ ಕರೆದರೂ ಬರಲಿಲ್ಲ. ಅಕ್ಕನೇ ಬಗ್ಗಿ, ತೆವಳಿಕೊಂಡು ಒಳಗೆ ಹೋಗಿ, ಅವನ ಪಕ್ಕದಲ್ಲಿ ಮಲಗಿ ಹೇಳಿದ್ದಳು: "ಯಾರಿಗೂ ಹೇಳ್ಬೇಡ. ಬಣ್ಣ ನಾನು ಹೇಳ್ತೀನಿ, ಚಿತ್ರ ನೀನು ಬರಿ." ಅಂದು ಹಾಕಿದ ಬೀಗ ಅವರಿಬ್ಬರ ಬಾಯಿಗೆ ಹಾಗೇ ಉಳಿದುಬಿಟ್ಟಿತು.

ಈ ಕಸುಬಿನಲ್ಲಿ ಗುಟ್ಟು ಕಾಪಾಡುವುದು ಅಷ್ಟು ಕಷ್ಟವೇನಲ್ಲ. ಪೋಸ್ಟರಿನಲ್ಲಿ ಎಷ್ಟು ಬಣ್ಣವೋ ಅಷ್ಟು ಸ್ಕ್ರೀನು, ಅಂದರೆ ಜಾಲರಿಯ ಚೌಕಟ್ಟು. ಒಂದೊಂದು ಸ್ಕ್ರೀನಿಗೂ ಒಂದೊಂದು ಬೇರೆ ಹಾಳೆಯ ಮೇಲೆ ಚಿತ್ರ ಬರೆಯಬೇಕು, ಬರೆಯುವುದೆಲ್ಲ ಕಪ್ಪು ಮಸಿಯಲ್ಲೇ. ಬೆಂಕಿಯಾದರೂ ಕಪ್ಪು, ಆಕಾಶವಾದರೂ ಕಪ್ಪು. ಬಣ್ಣದ ಪ್ರಶ್ನೆ ಬರುವುದು ಆಮೇಲೆ, ಡಬ್ಬಿಯ ಮುಚ್ಚಳ ತೆಗೆದಾಗ. ಯಾವ ಡಬ್ಬಿಯಲ್ಲಿ ಏನಿದೆ ಅಂತ ತಿಳಿಯಲು ಮುಚ್ಚಳದ ಮೇಲೆ ಅದೇ ಬಣ್ಣದ ಒಂದು ಬೊಟ್ಟು ಇಟ್ಟಿರುತ್ತಾರೆ. ಲೋಕಕ್ಕೆಲ್ಲ ಅನುಕೂಲವಾದ ಆ ಬೊಟ್ಟು ತಮ್ಮನೊಬ್ಬನಿಗೆ ಮಾತ್ರ ಪ್ರಯೋಜನಕ್ಕೆ ಬರುತ್ತಿರಲಿಲ್ಲ. ಅದಕ್ಕೇ ಆ ಮುಚ್ಚಳ ಯಾವತ್ತೂ ಅಕ್ಕನೇ ತೆಗೆಯುತ್ತಿದ್ದಳು.

ಹೀಗಿರುವಾಗ ಗಡಿಯಾರದವರು ಬಂದರು.

ಅವರು ಇನ್ನೊಂದು ಊರಿನವರು. ರೈಲಿನಲ್ಲಿ ಅರ್ಧ ದಿನದ ದಾರಿ. ಗಡಿಯಾರ ರಿಪೇರಿ ಅಂಗಡಿ, ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಹಳೆಯ ಗೋಡೆ ಗಡಿಯಾರದ ಅಳಿಸಿಹೋದ ಅಂಕಿಗಳನ್ನು ಮತ್ತೆ ಪ್ರಿಂಟು ಮಾಡಿಸಲು ಬಂದಿದ್ದರು. "ಅಂಕಿ ಒಣಗೋ ತನಕ ಕೂತಿರ್ತೀನಿ" ಅಂದವರು, ಅಂಕಿ ಒಣಗಿ ಮಾತು ಒಣಗದೆ, ಕೊನೆಯ ರೈಲಿಗೆ ಎದ್ದರು. ಆಮೇಲೆ ಅವರ ಊರಿನ ಗಡಿಯಾರಗಳ ಅಂಕಿಗಳೆಲ್ಲ ಯಾಕೋ ಒಂದೊಂದಾಗಿ ಅಳಿಸಿಹೋಗತೊಡಗಿದವು. ಐವತ್ತರ ಹತ್ತಿರದ ಬಣ್ಣದಕ್ಕನಿಗೆ ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚು ಬೇಕಾಗತೊಡಗಿತು. ಅವರು ಕೇಳಿದರು, ಅವಳು ಹೂಂ ಅಂದಳು.

ಹೂಂ ಅಂದದ್ದೇನೋ ಸರಿ, ಮದುವೆಯ ತಾರೀಕು ಮಾತ್ರ ನಿಲ್ಲುತ್ತಿರಲಿಲ್ಲ. ಮೊದಲು ಮಳೆಗಾಲ ಮುಗಿಯಲಿ ಅಂದಳು. ಆಮೇಲೆ ಕ್ಯಾಲೆಂಡರ್ ಕೆಲಸ ಮುಗಿಯಲಿ ಅಂದಳು. ಈಗ ಟಾಕೀಸಿನ ಯಜಮಾನರು ಹೊಸ ಪೋಸ್ಟರಿಗೆ ಹೇಳಿದ್ದರು. 'ಒಂಟಿ ಸೇತುವೆ' ಅಂತ ಸಿನಿಮಾ. ಮೊದಲಿಂದ ಕೊನೆಯವರೆಗೆ ಹೊಡೆದಾಟ. ಕೊನೆಯಲ್ಲಿ ಸೇತುವೆ ಹೊತ್ತಿ ಉರಿಯುತ್ತದೆ, ಹೀರೋ ಮೋಟರ್ ಸೈಕಲ್ ಸಮೇತ ಆ ಬೆಂಕಿಯೊಳಗಿಂದ ಹಾರುತ್ತಾನೆ. "ಬೆಂಕಿ ಹೇಗಿರಬೇಕು ಅಂದ್ರೆ, ಪೋಸ್ಟರ್ ಮುಂದೆ ನಿಂತವನು ಬೆವರಬೇಕು" ಅಂದಿದ್ದರು ಯಜಮಾನರು. ಅದನ್ನೇ ನೆಪ ಮಾಡಿಕೊಂಡು ಬಣ್ಣದಕ್ಕ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಪಿಸುಗುಟ್ಟಿದಳು.

"ಇದೊಂದು ಪೋಸ್ಟರ್ ಆಗ್ಲಿ. ಅವನೊಬ್ಬನ ಕೈಲಿ ಆಗಲ್ಲ."

ಗಡಿಯಾರದವರು ಬೇಸರ ತೋರಿಸದೆ "ಆಗ್ಲಿ ಬಿಡಿ, ಕಾಯೋಣ" ಅಂದರು. ಅವರು ಬೈದಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು. ಫೋನ್ ಇಟ್ಟು ತಿರುಗಿದರೆ ಬಾಗಿಲಲ್ಲಿ ತಮ್ಮ ನಿಂತಿದ್ದ.

"ನನ್ನ ಕೈಲಿ ಆಗಲ್ವಾ?"

"ಹಾಗಲ್ಲ ಕಣೋ..."

"ಮತ್ತೆ ಹೇಗೆ? ನಾನು ಸಾಯೋ ತನಕ ನೀನು ಡಬ್ಬಿ ಮುಚ್ಚಳ ತೆಗೀತಾ ಕೂರ್ತೀಯಾ? ನಾಳೆ ಹೋಗು. ಅವರ ಮನೆ ಹೇಗಿದೆ, ಅಡುಗೆಮನೆಗೆ ಬೆಳಕು ಬರುತ್ತಾ, ನೋಡ್ಕೊಂಡು ಬಾ. ಪೋಸ್ಟರ್ ನಾನು ಎಳೀತೀನಿ."

ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದೇ ಅಪರೂಪ. ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಬಣ್ಣ ಬೆರೆಸಲು ಹೋದಳು. ಪೋಸ್ಟರಿಗೆ ಮೂರೇ ಬಣ್ಣ. ಹಳದಿ, ಕಪ್ಪು ಎರಡೂ ಅವನಿಗೆ ಚೆನ್ನಾಗಿಯೇ ಕಾಣುತ್ತವೆ. ಕೆಂಪೊಂದೇ ತಕರಾರು. ಅವಳು ಮನಸ್ಸಿಟ್ಟು ಕೆಂಪು ಬೆರೆಸಿದಳು, ಹಳದಿಯ ಮೇಲೆ ಬಿದ್ದರೆ ಕೆಂಡದ ಹಾಗೆ ಹೊಳೆಯುವ ಕೆಂಪು. ಮುಚ್ಚಳ ಬಿಗಿದು, ಡಬ್ಬಿಯನ್ನು ಹಲಗೆಯ ಎಡ ಮೂಲೆಯಲ್ಲಿಟ್ಟು, "ಇದು ಕೆಂಪು, ಎಡಗಡೆ, ಜಾಗ ಬದಲಾಯಿಸ್ಬೇಡ" ಅಂತ ಮತ್ತೆ ಮತ್ತೆ ಹೇಳಿದಳು. ಅವನು "ಹೂಂ" ಅಂದ. ಬೆಳಿಗ್ಗೆ ಅವಳು ರೈಲು ಹತ್ತಿದಳು.

ಅಲ್ಲಿಯ ಅಡುಗೆಮನೆಗೆ ಧಾರಾಳ ಬೆಳಕು ಬರುತ್ತಿತ್ತು. ಕಿಟಕಿಯ ಪಕ್ಕ ಗಡಿಯಾರದವರು ಒಂದು ಸಣ್ಣ ಹಲಗೆಯನ್ನೂ ಹೊಡೆಸಿದ್ದರು. "ಬಣ್ಣದ ಕೆಲಸ ಬಿಡೋದು ಬೇಡ, ಇಲ್ಲೂ ಗಿರಾಕಿ ಇದ್ದಾರೆ" ಅಂದರು. ಅವಳು ಆ ಹಲಗೆಯ ಮೇಲೆ ಕೈಯಾಡಿಸಿ, ಇಲ್ಲಿ ಡಬ್ಬಿ, ಅಲ್ಲಿ ಹಾಳೆ ಅಂತ ಮನಸ್ಸಿನಲ್ಲೇ ಜೋಡಿಸಿದಳು. ಆದರೂ ದೇಹ ಅಲ್ಲಿ, ಮನಸ್ಸು ಇಲ್ಲಿ. ರಾತ್ರಿ ಗಡಿಯಾರದವರ ಅಕ್ಕನ ಮನೆಯಲ್ಲಿ ಮಲಗಿ, ಮರುದಿನ ಮೊದಲ ರೈಲಿಗೇ ಹೊರಟುಬಂದಳು.

ಮಧ್ಯಾಹ್ನ ಅಂಗಡಿಯ ಬಾಗಿಲು ಬರೀ ಮುಂದಕ್ಕೆ ಎಳೆದಿತ್ತು. ತಮ್ಮ ಇರಲಿಲ್ಲ. ಹಿಂದಿನ ಕೋಣೆಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತಳು.

ರ್ಯಾಕಿನ ತುಂಬ ಪೋಸ್ಟರು. ಹೀರೋ ಗಾಳಿಯಲ್ಲಿದ್ದ, ಮೋಟರ್ ಸೈಕಲ್ಲಿನ ಮುಂದಿನ ಚಕ್ರ ಹಾಳೆಯ ಅಂಚನ್ನು ದಾಟುತ್ತಿತ್ತು, ಹಿಂದೆ ಸೇತುವೆ ಧಗಧಗ ಉರಿಯುತ್ತಿತ್ತು. ಉರಿಯುತ್ತಿದ್ದದ್ದು ಹಸಿರಾಗಿ. ಒಂದಲ್ಲ, ಎರಡಲ್ಲ, ಅಷ್ಟೂ ಹಾಳೆ.

ಬಣ್ಣದಕ್ಕ ಸ್ಟೂಲಿನ ಮೇಲೆ ಕುಸಿದು ತಲೆಯ ಮೇಲೆ ಕೈ ಹೊತ್ತಳು. ಯಜಮಾನರು ಯಾವ ಗಳಿಗೆಯಲ್ಲಾದರೂ ಬಂದಾರು. ಊರೆಲ್ಲ ನಗುತ್ತದೆ. ಅವನು ಮತ್ತೆ ಮಂಚದ ಕೆಳಗೆ ಸೇರುತ್ತಾನೆ, ಈ ಸಲ ನಲವತ್ತು ದಾಟಿದವನು. ತಪ್ಪೆಲ್ಲ ತನ್ನದೇ, ಒಂದು ದಿನ, ಒಂದೇ ದಿನ ತನ್ನ ಸುಖ ನೋಡಿಕೊಂಡದ್ದಕ್ಕೆ ಹೀಗಾಯಿತು. ಇನ್ನು ಮದುವೆಯ ಮಾತೇ ಬೇಡ. ಗಡಿಯಾರದವರಿಗೆ ಇವತ್ತೇ ಹೇಳಿಬಿಡಬೇಕು, ಪಾಪ, ಅವರಾದರೂ ಎಷ್ಟು ದಿನ ಅಂತ ಕಾಯುತ್ತಾರೆ. ಹಾಗೆ ಯೋಚಿಸುತ್ತಲೇ ತೋಳು ಮಡಚಿ, ಏಪ್ರನ್ ಕಟ್ಟಿಕೊಂಡು, ಹೊಸ ಹಾಳೆಯ ಕಟ್ಟು ಬಿಚ್ಚಿ, ಕೆಂಪಿನ ಡಬ್ಬಿಗೆ ಕೈ ಹಾಕಿದಳು.

ಡಬ್ಬಿ ಎಡ ಮೂಲೆಯಲ್ಲೇ ಇತ್ತು. ಮುಚ್ಚಳವೂ ಬಿಗಿಯಾಗಿಯೇ ಇತ್ತು. ತೆಗೆದು ನೋಡಿದರೆ ಒಂದು ಚಮಚೆಯೂ ಖರ್ಚಾಗಿಲ್ಲ. ಜಾಗ ತಪ್ಪಿಲ್ಲ, ಡಬ್ಬಿ ಬದಲಾಗಿಲ್ಲ. ಹಾಗಾದರೆ ಇವನು ಬೇಕೆಂದೇ ಬೇರೆ ಡಬ್ಬಿ ತೆಗೆದನೇ?

ಅಷ್ಟರಲ್ಲಿ ತಮ್ಮ ಬಂದ. ಅವನ ಹಿಂದೆ ಎದುರು ಅಂಗಡಿಯ ದರ್ಜಿಯಮ್ಮ. ಈ ದರ್ಜಿಯಮ್ಮ ವಯಸ್ಸಾದ ಹೆಂಗಸು, ಹೊಲಿಗೆಯಲ್ಲಿ ಎತ್ತಿದ ಕೈ, ಬಾಯಿ ಅದಕ್ಕಿಂತ ಒಂದು ಕೈ ಮೇಲು. ಅವರ ಕಿವಿಗೆ ಬಿದ್ದ ಮಾತಿಗೆ ಬೇರೆ ಡಂಗುರ ಬೇಕಿರಲಿಲ್ಲ. ಬಣ್ಣದಕ್ಕ ಸರಕ್ಕನೆ ರ್ಯಾಕಿಗೆ ಅಡ್ಡ ನಿಂತಳು.

"ಯಾಕಮ್ಮಾ ಮುಚ್ತೀಯಾ? ಹಸಿರು ಹಾಕೋಕೆ ಹೇಳಿದ್ದೇ ನಾನು" ಅಂದರು ದರ್ಜಿಯಮ್ಮ.

ಬಣ್ಣದಕ್ಕ ತಮ್ಮನ ಮುಖ ನೋಡಿದಳು. ಅವನು ಈ ಸಲ ತಲೆ ತಗ್ಗಿಸಲಿಲ್ಲ.

"ಹೇಳ್ಬಿಟ್ಟೆ ಅಕ್ಕಾ. ನೀನು ಹೋದ ಮೇಲೆ ಡಬ್ಬಿ ಮುಂದೆ ಕೂತಿದ್ದೆ. ನೀನು ಎಡಗಡೆ ಅಂದಿದ್ದು ನೆನಪಿತ್ತು, ಆದ್ರೂ ಮುಚ್ಚಳ ತೆಗೆಯೋಕೆ ಮನಸ್ಸಾಗಲಿಲ್ಲ. ನಾಳೆ ಯಾರು ಎಡಗಡೆ ಇಟ್ಟು ಹೋಗ್ತಾರೆ? ಇವರು ದಿನವಿಡೀ ಬಟ್ಟೆಗೆ ದಾರ ಹೊಂದಿಸೋರು. ಡಬ್ಬಿಗಳನ್ನೆಲ್ಲ ಎತ್ಕೊಂಡು ರಸ್ತೆ ದಾಟಿ ಹೋದೆ. 'ನನಗೆ ಕೆಂಪು, ಹಸಿರು ಗೊತ್ತಾಗಲ್ಲ, ಸ್ವಲ್ಪ ನೋಡಿ ಹೇಳಿ' ಅಂದೆ."

"ನಾನೇನೋ ಸಾಲ ಕೇಳೋಕೆ ಬಂದ ಅಂದ್ಕೊಂಡಿದ್ದೆ, ಮುಖ ಹಾಗಿತ್ತು" ಅಂದರು ದರ್ಜಿಯಮ್ಮ. "ಒಂದು ಹಾಳೆಗೆ ಬೆರಳಲ್ಲಿ ಕೆಂಪು ಬಳಿದು ತೋರಿಸಿದ, ಇನ್ನೊಂದಕ್ಕೆ ಹಸಿರು. ಕೆಂಪು ಬೆಂಕಿ ನೋಡಿ ನೋಡಿ ಸಾಕಾಗಿದೆ ಕಣಮ್ಮಾ. ಹಸಿರು ನೋಡಿದಾಗ ಎದೆ ಝಲ್ ಅಂತು. ಅದನ್ನೇ ಹಾಕು ಅಂದೆ."

ಅಂದರೆ, ಬೀದಿಗೆಲ್ಲ ಗೊತ್ತಾಗಿತ್ತು. ಚಹಾದವನು ಬಂದು "ನನಗೆ ಎಡಗಿವಿ ಕೇಳಲ್ಲ ಸಾರ್, ನಾನೂ ಯಾರಿಗೂ ಹೇಳಿರ್ಲಿಲ್ಲ" ಅಂತ ತನ್ನ ಗುಟ್ಟನ್ನೂ ಬಿಟ್ಟುಕೊಟ್ಟು ಹೋಗಿದ್ದನಂತೆ. ಅದಕ್ಕಿಂತ ಹೆಚ್ಚೇನೂ ಆಗಿರಲಿಲ್ಲ. ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಗುಟ್ಟು ಇಷ್ಟೇನಾ ಅನಿಸಿತು ಬಣ್ಣದಕ್ಕನಿಗೆ. ಯಾರಿಗೂ ಹೇಳಬೇಡ ಅಂದವಳು ತಾನು. ಗುಟ್ಟಾಗಿಡು ಅಂತ ಅವನೇನೂ ಕೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಟಾಕೀಸಿನ ಯಜಮಾನರು ಬಂದರು. ಪೋಸ್ಟರನ್ನು ಹತ್ತಿರದಿಂದ ನೋಡಿದರು, ದೂರ ನಿಂತು ನೋಡಿದರು, ಕನ್ನಡಕ ಒರೆಸಿಕೊಂಡು ನೋಡಿದರು.

"ಬೆಂಕಿ ಹಸಿರಾ?"

"ಹೌದು ಯಜಮಾನ್ರೇ, ಬೇಕಂತಲೇ" ಅಂದ ತಮ್ಮ. "ಇನ್ನೊಂದು ವಿಷಯ. ನನಗೆ ಕೆಂಪು, ಹಸಿರು ಬೇರೆ ಬೇರೆ ಕಾಣಲ್ಲ. ಮೊದಲಿಂದಲೂ ಇಲ್ಲ."

"ನನಗೆ ಬೇಕಾಗಿರೋದು ಪೋಸ್ಟರ್ರಪ್ಪಾ, ನಿನ್ನ ಕಣ್ಣಿನ ಸರ್ಟಿಫಿಕೇಟ್ ಅಲ್ಲ." ಯಜಮಾನರು ಇನ್ನೊಂದು ಸಲ ಹಿಂದೆ ಸರಿದು ನೋಡಿದರು. "ಚೆನ್ನಾಗಿದೆ ಅನ್ನೋಕೂ ಭಯ, ಚೆನ್ನಾಗಿಲ್ಲ ಅನ್ನೋಕೂ ಮನಸ್ಸಿಲ್ಲ. ಹೀಗೆ ಮಾಡು. ಟಾಕೀಸಿನ ಎದುರು ಹಸಿರು ಹಾಕ್ತೀನಿ. ಸಂತೆ ಕಡೆ ಗೋಡೆಗಳಿಗೆ ಕೆಂಪೇ ಕೊಡು. ಅಲ್ಲಿಯೋರು ಕೆಂಪು ಕಾಣದಿದ್ರೆ ಫೈಟ್ ಇದೆ ಅಂತ ನಂಬಲ್ಲ." ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಯಜಮಾನರು ಒಂದು ಹಸಿರು ಪೋಸ್ಟರನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋದರು. ದರ್ಜಿಯಮ್ಮನೂ ಹೊಲಿಗೆ ಕಾಯುತ್ತಿದೆ ಅಂತ ರಸ್ತೆ ದಾಟಿದರು.

ಮತ್ತೆ ಪ್ರಿಂಟಿನ ಕೆಲಸ ಶುರುವಾಯಿತು. ಹೊಸ ಹಾಳೆಗಳಿಗೆ ಎಳೆದ ಹಳದಿ ಒಣಗಿದ ಮೇಲೆ ತಮ್ಮ ಅವನ್ನು ಹಲಗೆಯ ಮೇಲಿಟ್ಟ, ಸ್ಕ್ರೀನನ್ನು ಗುರುತಿಗೆ ಕೂಡಿಸಿದ, ಇಂಕು ಎಳೆಯುವ ರಬ್ಬರ್ ಪಟ್ಟಿ ಒರೆಸಿಕೊಂಡ. ಹಲಗೆಯ ಮೇಲೆ ಈಗ ಎರಡು ಡಬ್ಬಿಗಳಿದ್ದವು, ಅಕ್ಕ ಬೆರೆಸಿದ ಕೆಂಪು ಮತ್ತು ಮಿಕ್ಕಿದ ಹಸಿರು. ಗಲಾಟೆಯಲ್ಲಿ ಜಾಗವೆಲ್ಲ ಅದಲುಬದಲಾಗಿತ್ತು. ಅವನು ಒಂದು ಡಬ್ಬಿ ಎತ್ತಿಕೊಂಡ. ಬಣ್ಣದಕ್ಕ ಎಂದಿನಂತೆ ಹೇಳಲು ಬಾಯಿ ತೆರೆದಳು.

ಅವನು ಅವಳ ಕಡೆ ನೋಡಲೇ ಇಲ್ಲ. ಡಬ್ಬಿ ಹಿಡಿದುಕೊಂಡು ಮುಂಬಾಗಿಲಿಗೆ ನಡೆದ. ಹಾಡುಹಗಲಲ್ಲಿ, ಸೈಕಲ್ಲು ಬಸ್ಸು ಜನ ಎಲ್ಲ ಓಡಾಡುತ್ತಿದ್ದ ರಸ್ತೆಯ ಈಚೆ ನಿಂತು, ಡಬ್ಬಿಯನ್ನು ತಲೆಯ ಮೇಲಕ್ಕೆತ್ತಿ ಕೂಗಿದ: "ದರ್ಜಿಯಮ್ಮಾ, ಇದು ಕೆಂಪಾ?"

"ಕೆಂಪೇ, ಕೆಂಪೇ! ಎಳಿ!" ಆಚೆಯಿಂದ ಹೊಲಿಗೆ ಮೆಷಿನ್ನಿನ ಸದ್ದನ್ನೂ ಮೀರಿ ಉತ್ತರ ಬಂತು.

ಬಣ್ಣದಕ್ಕ ತೆರೆದ ಬಾಯಿಯನ್ನು ಮುಚ್ಚಿಕೊಂಡಳು. ಹೊಟ್ಟೆಯಲ್ಲಿ ಒಂದು ಕ್ಷಣ ಕಿಚ್ಚೆದ್ದದ್ದು ಸುಳ್ಳಲ್ಲ. ಇಷ್ಟು ವರ್ಷ ಆ ಉತ್ತರ ಅವಳದಾಗಿತ್ತು. ಮೆಟ್ಟಿಲ ಮೇಲೆ ಕೂತು ಗಡಿಯಾರದವರಿಗೆ ಫೋನ್ ಮಾಡಿದಳು. ಅವಳ ದನಿ ಕೇಳಿದ್ದೇ ಅವರು ಗಾಬರಿಯಾಗಿ "ಮತ್ತೆ ಮುಂದಕ್ಕೆ ಹಾಕ್ಬೇಕಾ? ಪರವಾಗಿಲ್ಲ, ಅಳ್ಬೇಡಿ" ಅಂದರು.

"ಇಲ್ಲ" ಅಂದಳು ಬಣ್ಣದಕ್ಕ. "ಮುಂದಿನ ವಾರವೇ ಆಗ್ಲಿ. ಅಳ್ತಿರೋದು ಸಂತೋಷಕ್ಕೆ. ಸ್ವಲ್ಪ ಹೊಟ್ಟೆಕಿಚ್ಚಿಗೂ. ಬಂದ ಮೇಲೆ ಹೇಳ್ತೀನಿ."