ಏಳು ಜರಡಿ ಮತ್ತು ಕುಸುಮಾಳ ಹೆಸರು

ವಿರಾಜಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲೆ ಪ್ರಸಾದ್ ಎಂಬ ಎಂಜಿನಿಯರ್ ನಡೆಸುವ ನಕ್ಷೆ ಆಫೀಸಿದೆ. ಅಲ್ಲಿ ಕುಸುಮಾ ಒಂಬತ್ತು ವರ್ಷದಿಂದ ಕಂಪ್ಯೂಟರಿನೊಳಗೆ ಕಟ್ಟಡ ಕಟ್ಟುತ್ತಿದ್ದಾಳೆ. ಹೊರಗಿರುವ ಗೋಡೆ, ಪೈಪು, ಯಂತ್ರಗಳನ್ನು ಇದ್ದ ಹಾಗೆಯೇ ಪರದೆಯಲ್ಲಿ ನಿಲ್ಲಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿ, ಕೊನೆಗೆ ಎಲ್ಲದರ ಪಟ್ಟಿ ತೆಗೆಯುವುದು ಅವಳ ಕೆಲಸ. ಚೀಟಿಯ ಹುಚ್ಚು ಮನೆಗೂ ಅಂಟಿತ್ತು. ಗಾಜಿನ ಡಬ್ಬದಲ್ಲಿ ಸಾಸಿವೆ ಕಣ್ಣಿಗೆ ಕಾಣುತ್ತಿದ್ದರೂ ಮೇಲೆ 'ಸಾಸಿವೆ' ಎಂಬ ಚೀಟಿ ಬೇಕೇ ಬೇಕು. ಅತ್ತೆ ರುದ್ರಮ್ಮ ಒಮ್ಮೆ, "ನನ್ ಹಣೆಗೂ ಒಂದ್ ಅಂಟಿಸ್ಬಿಡವ್ವ, ಬಂದೋರು ಓದ್ಕೊಳ್ಲಿ" ಎಂದಿದ್ದರು. ಕುಸುಮಾ ನಗಲಿಲ್ಲ. ಈ ವಿಷಯದಲ್ಲಿ ಅವಳಿಗೆ ತಮಾಷೆ ಹಿಡಿಸುವುದಿಲ್ಲ.

ಊರಿಗೆಲ್ಲ ಚೀಟಿ ಅಂಟಿಸಿದವಳ ಹೆಸರು ಮಾತ್ರ ಯಾವ ಹಾಳೆಯಲ್ಲೂ ಇರಲಿಲ್ಲ. ನಕ್ಷೆಯ ಮೂಲೆಯಲ್ಲಿ 'ತಯಾರಿಸಿದವರು' ಎಂಬ ಜಾಗವಿರುತ್ತದಲ್ಲ, ಅಲ್ಲಿ ಒಂಬತ್ತು ವರ್ಷವೂ ಪ್ರಸಾದನ ಹೆಸರೇ. ಅವನು ಮಾಡುತ್ತಿದ್ದದ್ದು ಏನು ಅಂದರೆ ಟೀ ತರಿಸುವುದು. ಕುಸುಮಾಳಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಊರಾಚೆಯಲ್ಲಿ ಕಾಫಿಯ ಸಿಪ್ಪೆ ತೆಗೆದು ಹದ ಮಾಡುವ ಕ್ಯೂರಿಂಗ್ ಕಾರ್ಖಾನೆಯ ದುರಸ್ತಿ ಕೆಲಸ ಬಂದಾಗ ಅವಳು ಬಾಯಿಬಿಟ್ಟು ಕೇಳಿಯೇಬಿಟ್ಟಳು.

"ಆಯ್ತು ಮಾರಾಯ್ತಿ, ಯಂತ್ರಗಳ ಪಟ್ಟಿಗೆ ನಿಮ್ ಹೆಸ್ರೇ ಹಾಕ್ಕೊಳಿ," ಅಂದ ಪ್ರಸಾದ್. "ಎಲ್ಲಾ ಸರಿಯಾದ್ರೆ ಮುಂದಿನ ಹಾಳೆಗಳಿಗೂ ನಿಮ್ದೇ."

ಅವಳು ಮೂರು ವಾರ ಕಾರ್ಖಾನೆಯ ಧೂಳು ಕುಡಿದಳು. ಅಲ್ಲಿ ಕಾಫಿಬೀಜವನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಏಳು ಜರಡಿ ಯಂತ್ರಗಳಿವೆ, ಏಳೂ ಒಂದೇ ಅಚ್ಚಿನವು. ಮೂರನೆಯದರ ಚೌಕಟ್ಟು ಸೀಳಿಹೋಗಿತ್ತು. ಅದೊಂದನ್ನು ಗುಜರಿಗೆ ಹಾಕಬೇಕು ಎಂದು ತೀರ್ಮಾನವಾಗಿತ್ತು. ಕುಸುಮಾ ಪಟ್ಟಿಯಲ್ಲಿ ಅದರ ಮುಂದೆ 'ತೆಗೆಯುವುದು' ಎಂದು ಟೈಪ್ ಮಾಡಿ, ತನ್ನ ಹೆಸರಿನ ಹಾಳೆಯನ್ನು ಮೂರು ಸಲ ನೋಡಿ ಕಳಿಸಿದಳು. ನೋಡಿದ್ದು ಹೆಸರನ್ನು, ಪಟ್ಟಿಯನ್ನಲ್ಲ.

ಆ ಸಾಫ್ಟ್‌ವೇರಿನಲ್ಲಿ ಒಂದು ಯಂತ್ರದ ಬಗ್ಗೆ ಬರೆಯಲು ಒಂದು ಕಾಲಂ, ಅದರ ಜಾತಿಯ ಅಷ್ಟೂ ಯಂತ್ರಗಳ ಬಗ್ಗೆ ಬರೆಯಲು ಇನ್ನೊಂದು ಕಾಲಂ ಇರುತ್ತದೆ. ಎರಡೂ ಅಕ್ಕಪಕ್ಕ. ಹೊಸದಾಗಿ ಕಲಿಯುವವರಿಗೆ ಕುಸುಮಾ ಹೇಳಿಕೊಡುತ್ತಿದ್ದ ಮೊದಲ ಪಾಠವೇ ಅದು. ಅವಳೇ ಎರಡನೆಯದರಲ್ಲಿ ಬರೆದಿದ್ದಳು. ಒಬ್ಬಳಿಗೆ ತಂದ ಸೀರೆಯನ್ನು ಮನೆಯ ಹೆಂಗಸರಿಗೆಲ್ಲ ಉಡಿಸಿದ ಹಾಗಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಮಾರಿಯ ಫೋನ್ ಬಂತು. ಇಪ್ಪತ್ತು ವರ್ಷದಿಂದ ಆ ಜರಡಿಗಳನ್ನು ನಡೆಸುತ್ತಿರುವ ಹೆಂಗಸು ಅವಳು.

"ಮೇಡಂ, ನಮ್ ಏಳೂ ಜರಡಿ ನಿಮಗೇನ್ ಮಾಡಿದ್ವು? ಗುಜರಿ ಲಾರಿ ಬಂದ್ ನಿಂತದೆ."

ಕುಸುಮಾ ಪಟ್ಟಿ ತೆರೆದು ನೋಡಿದಳು. ಏಳು ಸಾಲಿನಲ್ಲಿ ಏಳು 'ತೆಗೆಯುವುದು'. ಲ್ಯಾಪ್‌ಟಾಪ್ ಹೆಗಲಿಗೇರಿಸಿ ಸ್ಕೂಟರ್ ಹತ್ತಿದಳು.

ಕಾರ್ಖಾನೆಯ ಮ್ಯಾನೇಜರ್ ಕೀರ್ತಿಕುಮಾರ್ ಕಣ್ಣಿಗಿಂತ ಕಾಗದವನ್ನು ನಂಬುವ ಆಸಾಮಿ. ಹಾಜರಿ ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ಯಾರೋ ರಜೆ ಎಂದು ಬರೆದಿದ್ದಕ್ಕೆ, ಕುರ್ಚಿಯಿಂದೆದ್ದು ಮನೆಗೆ ಹೋಗಿದ್ದವನು. ಕುಸುಮಾ ಹೋಗುವಷ್ಟರಲ್ಲಿ ಎರಡು ಜರಡಿಗಳ ಬೋಲ್ಟು ಬಿಚ್ಚಿಯಾಗಿತ್ತು.

"ನಿಲ್ಸಿ ಸಾರ್, ತೆಗೆಯೋದು ಒಂದೇ. ಹೊಸ ಕಾಫಿ ಬರೋಕೆ ಮೂರು ವಾರಾನೂ ಇಲ್ಲ, ಯಾವುದರಲ್ಲಿ ಜರಡಿ ಹಿಡಿತೀರಿ?"

"ನಂಗೂ ಹಾಗೇ ಅನ್ನಿಸ್ತು. ಆದ್ರೆ ಪಟ್ಟೀಲಿ ಏಳು ಅಂತಿದೆಯಲ್ಲಮ್ಮ. ತಿದ್ದಿದ ಹಾಳೆ ಕೊಡಿ, ನಿಲ್ಲಿಸ್ತೀನಿ. ಯಾಕೆ ತಿದ್ದಿದ್ದು, ಯಾರು ಮಾಡಿದ್ದು, ಎರಡೂ ಇರ್ಬೇಕು."

ಹೊರಗೆ ಇನ್ನೊಂದು ಜರಡಿಯ ಬೋಲ್ಟಿಗೆ ಸ್ಪ್ಯಾನರ್ ಬಿತ್ತು. ಕುಸುಮಾ ಪ್ರಸಾದನಿಗೆ ಫೋನ್ ಮಾಡಿದಳು.

"ಸಾಫ್ಟ್‌ವೇರ್ ದೋಷ ಅಂತ ಹಾಕಿ, ನನ್ ಹೆಸ್ರು ಬರೀರಿ," ಅಂದ ಅವನು. "ಯಾರೂ ಏನೂ ಕೇಳಲ್ಲ. ನಿಮ್ ಹೆಸ್ರಿನ ವಿಷ್ಯ ಮುಂದೆ ನೋಡೋಣ."

ಅವನು ಕೆಟ್ಟವನಲ್ಲ, ಪಾಪ, ಬಚಾವು ಮಾಡಲೆಂದೇ ಹೇಳಿದ್ದು. ಆದರೆ ಈ ಹಾಳೆಯಿಂದ ಹೊರಟ ಹೆಸರು ಇನ್ನು ಯಾವ ಹಾಳೆಗೂ ಬರುವುದಿಲ್ಲ ಎಂದು ಕುಸುಮಾಳಿಗೆ ಗೊತ್ತಿತ್ತು. ಇಟ್ಟುಕೊಂಡರೆ ತಪ್ಪಿನ ಜೊತೆಗೇ ಇಟ್ಟುಕೊಳ್ಳಬೇಕು. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೇ ಸಿಟ್ಟು ಬಂತು. ಅದೇ ಸಿಟ್ಟಿನಲ್ಲಿ ಕಾರಣದ ಜಾಗದಲ್ಲಿ ಟೈಪ್ ಮಾಡಿದಳು: 'ಕುಸುಮಾ ತಪ್ಪು ಕಾಲಂನಲ್ಲಿ ಬರೆದದ್ದರಿಂದ ಏಳೂ ತೆಗೆಯುವುದೆಂದು ಬಂದಿತ್ತು. ತೆಗೆಯಬೇಕಾದದ್ದು ಮೂರನೆಯದು ಮಾತ್ರ.' ಕೆಳಗೆ, ತಯಾರಿಸಿದವರು: ಕುಸುಮಾ.

ಕೀರ್ತಿಕುಮಾರ್ ಅದನ್ನು ಪ್ರಿಂಟ್ ತೆಗೆಸಿ ಎರಡು ಸಲ ಓದಿದ. "ನನ್ ಸರ್ವೀಸಲ್ಲಿ ಇಂಥ ಕಾಗದ ನೋಡಿಲ್ಲ," ಎಂದು ಸಹಿ ಹಾಕಿದ. ಲಾರಿ ಮೂರನೆಯ ಜರಡಿಯೊಂದನ್ನೇ ಹೊತ್ತುಕೊಂಡು ಸಿದ್ದಾಪುರದ ಕಡೆ ಹೋಯಿತು. ಕುಸುಮಾ ನೆಮ್ಮದಿಯಿಂದ ನೀರು ಕುಡಿಯುತ್ತಿದ್ದಳು, ಅಷ್ಟರಲ್ಲಿ ಫಿಟ್ಟರ್ ಲಿಂಗ ಬಂದು ತಲೆ ಕೆರೆದುಕೊಂಡ.

"ಒಂದ್ ತೊಂದ್ರೆ ಉಂಟು ಮೇಡಂ. ಏಳಕ್ಕೂ ಕಳಿಸ್ಕೊಡೋ ಪೂಜೆ ಆಗೋಗಿದೆ."

ಆ ಕಾರ್ಖಾನೆಯಲ್ಲಿ ಹಳೆ ಯಂತ್ರವನ್ನು ಸುಮ್ಮನೆ ಸಾಗಹಾಕುವುದಿಲ್ಲ. ಕುಂಕುಮ ಇಟ್ಟು, ಕಾಯಿ ಒಡೆದು, ದುಡಿದದ್ದು ಸಾಕು ಹೋಗಿ ಬಾ ಎಂದು ಹೇಳಿ ಕಳಿಸುವುದು. ಹಾಗೆ ಹೇಳಿಸಿಕೊಂಡ ಯಂತ್ರದ ಸ್ವಿಚ್ಚನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ. ಈಗ ಆರು ಜರಡಿಗಳು ಹಣೆಗೆ ಕುಂಕುಮ ಇಟ್ಟುಕೊಂಡು, ಹೋಗುವುದೋ ಇರುವುದೋ ತಿಳಿಯದೆ ನಿಂತಿದ್ದವು. ಕೀರ್ತಿಕುಮಾರ್ ಇದಕ್ಕೊಂದು ಸುತ್ತೋಲೆ ಹೊರಡಿಸಲೇ ಎಂದು ಕೇಳಿದ.

"ವಾಪಸ್ ಕರೆದ್ರಾಯ್ತು," ಅಂದಳು ಮಾರಿ. "ಆರು ಕಾಯಿ ತನ್ನಿ."

ಕುಸುಮಾ ತಾನೇ ಹೋಗಿ ಆರು ತೆಂಗಿನಕಾಯಿ ತಂದಳು. ಲಿಂಗ ಮೊದಲ ಜರಡಿಯ ಮುಂದೆ ಕರ್ಪೂರ ಹಚ್ಚಿ, "ಯಾರ ಹೆಸರಲ್ಲಿ?" ಎಂದು ಕೇಳಿದ. ಮಾಲೀಕರ ಹೆಸರು ಹೇಳುವುದು ವಾಡಿಕೆ. ಕೀರ್ತಿಕುಮಾರ್ ಬಾಯಿ ತೆರೆಯುವ ಮೊದಲೇ ಮಾರಿ ಕೈ ಅಡ್ಡ ಹಿಡಿದಳು.

"ಪಟ್ಟೀಲಿ ಕಳಿಸಿದ್ದು ಮೇಡಂ ಹೆಸರಲ್ಲಿ. ತಪ್ಪು ನಂದಲ್ಲ ಅಂತ ಅವ್ರು ಹೇಳ್ಲಿಲ್ಲ. ಕರೆಯೋದೂ ಅವ್ರ ಹೆಸರಲ್ಲೇ ಆಗ್ಲಿ."

ಲಿಂಗ ಒಂದೊಂದು ಜರಡಿಯ ಮುಂದೆಯೂ ನಿಂತು ಹೊಸದಾಗಿ ಕೇಳಿದ. ಆರು ಸಲವೂ ಕುಸುಮಾ ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿದಳು.