ಸೊಂಟದ ಅರ್ಧ ಇಂಚು

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಗಂಡ ಬಸ್ ಡ್ರೈವರ್. ಮನೆಯಲ್ಲಿ ಮೂರೇ ಕೋಣೆ: ಹಿಂದೆ ಅಡುಗೆಯದು, ನಡುವೆ ಮಲಗುವುದು, ಮುಂದೆ ಅವಳದು. ಆ 'ಅವಳದು' ಎಂಬ ಮಾತಿನ ತೂಕ ಎಷ್ಟೆಂದು ಗಂಡನಿಗೆ ಇಪ್ಪತ್ತು ವರ್ಷವಾದರೂ ತಿಳಿದಿರಲಿಲ್ಲ. ತಿಳಿದುಕೊಳ್ಳುವ ಪೈಕಿಯೂ ಅಲ್ಲ ಆತ.

ಹದಿನಾರಕ್ಕೇ ಬಟ್ಟೆ ಕಾರ್ಖಾನೆ ಸೇರಿದವಳು ಅವಳು. ಆರು ವರ್ಷ ಬರೀ ಕಾಲರ್ ಹೊಲಿದಳು. ತೋಳು ಒಬ್ಬಳದು, ಜೇಬು ಇನ್ನೊಬ್ಬಳದು, ಗುಂಡಿ ಮತ್ತೊಬ್ಬಳದು. ತಾನು ಹೊಲಿದ ಕಾಲರ್ ಇಡೀ ಅಂಗಿಯ ಮೇಲೆ ಹೇಗೆ ಕೂರುತ್ತದೆಂದು ಆರು ವರ್ಷದಲ್ಲಿ ಒಮ್ಮೆಯೂ ನೋಡಲಿಲ್ಲ. ಎಡಕ್ಕೊಂದು ಮೊಣಕೈ, ಬಲಕ್ಕೊಂದು ಮೊಣಕೈ, ಬೆನ್ನ ಹಿಂದೆ ಗಡಿಯಾರ ಹಿಡಿದ ಮೇಸ್ತ್ರಿ. ಎಂದಾದರೂ ಒಂದು ಕೋಣೆಯಲ್ಲಿ ಒಬ್ಬಳೇ ಕೂತು, ಕತ್ತರಿ ಹಾಕುವುದರಿಂದ ಹಿಡಿದು ಗುಂಡಿ ಕೂರಿಸುವವರೆಗೆ ಎಲ್ಲ ತಾನೇ ಮಾಡಬೇಕು ಎಂಬುದೊಂದೇ ಆಗ ಅವಳಿಗಿದ್ದ ಆಸೆ. ಮದುವೆಯಾದ ಮೇಲೆ ಆ ಕೋಣೆ ಸಿಕ್ಕಿತು. ಕಿಟಕಿಯ ಪಕ್ಕ ಮಿಷನ್ನು, ಗೋಡೆಗೊರಗಿ ಕತ್ತರಿಸುವ ಮೇಜು, ಮೂಲೆಯಲ್ಲೊಂದು ಪರದೆ. ಪರದೆಯ ಹಿಂದೆ ಹೆಂಗಸರು ಅಳತೆ ಕೊಡಲು ನಿಲ್ಲುತ್ತಿದ್ದರು. ಟೇಪು ಸೊಂಟ ಸುತ್ತಿದ ಕೂಡಲೇ ಅವರ ಬಾಯಿ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ಗಂಡನಿಗೂ ಅಮ್ಮನಿಗೂ ಹೇಳದ್ದನ್ನೆಲ್ಲ ಅಲ್ಲಿ ಹೇಳಿ ಹಗುರಾಗಿ ಹೋಗುತ್ತಿದ್ದರು.

ಅಂಥ ಕೋಣೆಯೊಳಗೆ ಗಂಡನ ಹೊಟ್ಟೆ ಕಾಲಿಟ್ಟಿತು.

ಆದದ್ದಿಷ್ಟು. ಡಿಪೋ ಡಾಕ್ಟರು ಡ್ರೈವರನನ್ನು ಸೀಟಿನ ಮೇಲೆ ಕೂರಿಸಿ ನೋಡಿದರು. ಹೊಟ್ಟೆಗೂ ಸ್ಟೇರಿಂಗಿಗೂ ನಡುವೆ ಒಂದು ಬೆರಳು ಆಡುವಷ್ಟೂ ಜಾಗವಿರಲಿಲ್ಲ. "ಮೂರು ತಿಂಗಳು ಟೈಮ್ ಕೊಡ್ತೀನಿ. ಇದು ಇಳೀಲಿಲ್ಲ ಅಂದ್ರೆ ನಾನು ಸಹಿ ಹಾಕಲ್ಲ. ಬಸ್ ತೊಳೆಯೋ ಶೆಡ್ಡಿಗೆ ಹೋಗಬೇಕಾಗುತ್ತೆ" ಎಂದರು. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು ಬಂದವರ ಬಸ್ಸಿಗೆ ನೀರು ಹೊಡೆಯುತ್ತ ನಿಲ್ಲುವುದೆಂದರೇನು! ಡ್ರೈವರ್ ಆ ದಿನ ಮನೆಗೆ ಬಂದು ಊಟದ ತಟ್ಟೆಯನ್ನು ದೂರ ತಳ್ಳಿದ. ಅವಳಿಗೂ ಪಾಪ ಅನಿಸಿತು. ಆ ಪಾಪ ಒಂದೇ ದಿನ ಬಾಳಿತು.

ಮರುದಿನ ಬೆಳಿಗ್ಗೆ ಅವಳು ಎದ್ದು ಬರುವಷ್ಟರಲ್ಲಿ ಕತ್ತರಿಸುವ ಮೇಜು ಗೋಡೆಯ ಮೂಲೆಗೆ ಸೇರಿತ್ತು. ಪರದೆಯನ್ನು ಎತ್ತಿ ಮೊಳೆಗೆ ಸಿಕ್ಕಿಸಲಾಗಿತ್ತು. ನಡುವೆ ಗಂಡ, ಚಡ್ಡಿಯಲ್ಲಿ, ಎರಡು ಕೈಗೂ ನೀರು ತುಂಬಿದ ಕ್ಯಾನು ಹಿಡಿದು ಬಸ್ಕಿ ಹೊಡೆಯುತ್ತಿದ್ದ. ಪ್ರತಿ ಬಸ್ಕಿಗೂ ಒಂದು 'ಹುಸ್'.

"ಇದೇನ್ರೀ ಇದು?"

"ಕಸರತ್ತು."

"ಬೀದಿ ತುದೀಲಿ, ಟೈರ್ ಅಂಗಡಿ ಮೇಲೆ, ಜಿಮ್ ಇದೆಯಲ್ಲ. ಅಲ್ಲಿಗೆ ಹೋಗಬಾರ್ದಾ?"

"ಭಾರ ಎತ್ತೋಕೆ ಯಾರಾದ್ರೂ ಇನ್ನೊಬ್ಬರ ಮನೆಗೆ ಹೋಗ್ತಾರಾ? ನಮ್ಮನೆ ಕ್ಯಾನು ಭಾರ ಇಲ್ವಾ? ಅಲ್ಲಿಗೆ ಹೋಗೋರು ಬೆವರು ಸುರಿಸೋಕೆ ಹೋಗಲ್ಲ ಕಣೆ, ಕನ್ನಡಿ ನೋಡ್ಕೊಳ್ಳೋಕೆ ಹೋಗ್ತಾರೆ."

ಅವಳು ಬಿಡಲಿಲ್ಲ. ಜಿಮ್ಮಿನಲ್ಲಿ ಹೇಳಿಕೊಡುವವರಿದ್ದಾರೆ, ಓಡುವ ಯಂತ್ರವಿದೆ, ಬೆನ್ನು ಉಳುಕಿದರೆ ನೋಡುವವರಿದ್ದಾರೆ ಎಂದಳು. ಇಲ್ಲಿ ಉಳುಕಿದರೆ ಮಿಷನ್ನಿನ ಮೇಲೆ ಬೀಳುತ್ತೀರಿ ಅಷ್ಟೆ ಎಂದಳು. ವಾರವಿಡೀ ಹೇಳಿ ಹೇಳಿ ಕೊನೆಗೊಂದು ದಿನ ತಳ್ಳಿಯೇ ಕಳಿಸಿದಳು. ಹತ್ತೇ ನಿಮಿಷಕ್ಕೆ ಡ್ರೈವರ್ ಮುಖ ಕೆಂಪಗೆ ಮಾಡಿಕೊಂಡು ವಾಪಸು ಬಂದ. ಅಲ್ಲಿಯ ತರಬೇತಿಯವನು 'ಅಂಕಲ್' ಎಂದು ಕರೆದು ಗೋಡೆಯಗಲದ ಕನ್ನಡಿಯ ಮುಂದೆ ನಿಲ್ಲಿಸಿದನಂತೆ. ಪಕ್ಕದಲ್ಲಿ ಓಡುತ್ತಿದ್ದವರಲ್ಲಿ ಇಬ್ಬರು ದಿನಾ ಅವನ ಬಸ್ಸಿಗೇ ಬರುವವರಂತೆ. ಅದರಲ್ಲೊಬ್ಬ 'ಏನ್ ಡ್ರೈವರಣ್ಣ, ಸ್ಟಾಪ್ ತಪ್ಪಿ ಬಂದ್ರಾ' ಎಂದನಂತೆ. ಮುಗಿಯಿತು. ಇನ್ನು ಆ ಮೆಟ್ಟಿಲು ಹತ್ತುವುದಿಲ್ಲ ಎಂದು ಆಣೆ ಹಾಕಿದ.

ಮೊದಲು ಬೆಳಿಗ್ಗೆ ಅರ್ಧ ಗಂಟೆ ಇದ್ದದ್ದು ಬೆಳಿಗ್ಗೆ ಒಂದು, ಸಂಜೆ ಒಂದು ಗಂಟೆಯಾಯಿತು. ಹೆಂಗಸರು ಅಳತೆಗೆ ಬರುವ ಹೊತ್ತೂ ಅದೇ. ಬಾಗಿಲು ತೆರೆದರೆ ಎದುರಿಗೆ ನೆಲದ ಮೇಲೆ ಅಂಗಾತ ಬಿದ್ದು ಕಾಲು ಮೇಲೆತ್ತಿದ ಗಂಡಸು. ಯಾವ ಹೆಂಗಸು ಒಳಗೆ ಕಾಲಿಡುತ್ತಾಳೆ? ಶಾಲೆಯ ಟೀಚರು ಹನ್ನೆರಡು ವರ್ಷದ ಗಿರಾಕಿ. ಆಕೆ ಹೊಸ್ತಿಲಲ್ಲೇ ನಿಂತು, "ಆಮೇಲೆ ಬರ್ತೀನಕ್ಕ" ಎಂದು ಹೋದವಳು ಬರಲೇ ಇಲ್ಲ. ಮದುವೆಗೆಂದು ನಾಲ್ಕು ರವಿಕೆಯ ಬಟ್ಟೆ ಕೊಟ್ಟಿದ್ದ ನರ್ಸು ಬಟ್ಟೆಯನ್ನೇ ವಾಪಸು ಒಯ್ದಳು. ಕತ್ತರಿಸಿಟ್ಟ ತೋಳುಗಳ ಮೇಲೆ ಬೆವರಿನ ಹನಿ, ಕೋಣೆಗೆಲ್ಲ ಬೆವರಿನ ನಾತ.

ಅವಳು ಕೇಳಿದಳು. ಒಳ್ಳೆಯ ಮಾತಿನಲ್ಲಿ ಕೇಳಿದಳು, ಕೆಟ್ಟ ಮಾತಿನಲ್ಲಿ ಕೇಳಿದಳು. ನಡುಕೋಣೆಯಲ್ಲಿ ಮಾಡಿ ಎಂದರೆ ಮಂಚ ಅಡ್ಡ. ಅಂಗಳದಲ್ಲಿ ಮಾಡಿ ಎಂದರೆ ಜನ ನೋಡುತ್ತಾರೆ. ಅವಳ ಗಿರಾಕಿಗಳು ನೋಡಿದರೆ ಮಾತ್ರ ಅಡ್ಡಿಯಿಲ್ಲ! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. "ನನ್ನ ಕೆಲಸ ಹೋಗೋದು ನಿನಗೆ ದೊಡ್ಡದಲ್ಲ, ನಾಲ್ಕು ರವಿಕೆ ದೊಡ್ಡದು" ಎಂದ ಒಂದು ದಿನ. ಅವಳ ಮೈ ಉರಿದುಹೋಯಿತು.

ಇದರ ಮೇಲೆ ಇನ್ನೊಂದು. ಮೂರನೇ ವಾರದ ಕೊನೆಗೆ ಡ್ರೈವರ್ ಸಮವಸ್ತ್ರದ ಪ್ಯಾಂಟಿನೊಳಗೆ ಹೆಬ್ಬೆರಳು ತೂರಿಸಿ ತೋರಿಸಿದ. ಎಂಟು ಗಂಟೆ ಕೂತು ಓಡಿಸುವವನಿಗೆ ಬೆಲ್ಟು ಹೊಟ್ಟೆಗೆ ಒತ್ತುತ್ತದೆಂದು ಅವನು ಬೆಲ್ಟು ಕಟ್ಟುತ್ತಿರಲಿಲ್ಲ. ಅವಳೇ ಅವನ ಅಳತೆಗೆ ಹೊಲಿದ ಮೂರು ಪ್ಯಾಂಟು, ಸೊಂಟ ನಲವತ್ತೆರಡು.

"ನೋಡು, ಸಡಿಲ ಆಗಿದೆ! ತೂಕದ ಯಂತ್ರ ನಾನು ನಂಬಲ್ಲ, ಒಂದೊಂದು ಒಂದೊಂದು ಹೇಳುತ್ತೆ. ಪ್ಯಾಂಟು ಸುಳ್ಳು ಹೇಳಲ್ಲ. ಮನೆ ಕಸರತ್ತಿನ ಮುಂದೆ ಜಿಮ್ ಯಾವ ಲೆಕ್ಕ? ಇದನ್ನ ಇನ್ನು ಬಿಡಲ್ಲ ಕಣೆ, ಜೀವ ಇರೋ ತನಕ. ಈ ಗೋಡೆಗೊಂದು ಕಬ್ಬಿಣದ ಸರಳು ಹಾಕಿಸ್ತೀನಿ, ಜೋತು ಬೀಳೋಕೆ. ನಿನ್ನ ಮಿಷನ್ನು ಅಡುಗೆಮನೇಲಿ ಹಿಡಿಯುತ್ತಲ್ಲ?"

ಗಂಡ ಗೆದ್ದರೆ ತನ್ನ ಕೋಣೆ ಹೋಯಿತು ಎಂಬುದು ಅವಳಿಗೆ ಆ ಗಳಿಗೆಯಲ್ಲಿ ಸ್ಪಷ್ಟವಾಯಿತು. ಪ್ಯಾಂಟು ಸುಳ್ಳು ಹೇಳುವುದಿಲ್ಲವಂತೆ! ಹೊಲಿದವಳು ಹೇಳಿಸಿದ್ದನ್ನು ಹೇಳದೆ ಪ್ಯಾಂಟು ಇನ್ನೇನು ಹೇಳೀತು?

ಅವನು ಡ್ಯೂಟಿಗೆ ಹೋದ ಮಧ್ಯಾಹ್ನ, ಒಗೆದಿಟ್ಟ ಎರಡು ಪ್ಯಾಂಟು ತಿರುವಿ ಹಾಕಿ ಹಿಂಬದಿಯ ನಡು ಹೊಲಿಗೆಯನ್ನು ಬಿಚ್ಚಿದಳು. ಸೊಂಟದಲ್ಲಿ ಒಂದೂವರೆ ಇಂಚು ಒಳಗೆ ಹಿಡಿದು ಹೊಲಿದಳು. ಮೇಲಿಂದ ಇಸ್ತ್ರಿ ಎಳೆದಳು. ಮೂರನೆಯದನ್ನು ಮರುದಿನ ಮುಗಿಸಿದಳು. ಪಾಪ ಇಳಿದಿದ್ದಾರೆ, ಅಳತೆಗೆ ಸರಿ ಮಾಡಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಇಳಿದದ್ದು ಒಂದೇ ಇಂಚು. ಮೇಲಿನ ಅರ್ಧ ಇಂಚು ಮಾತ್ರ ಬೇಕೆಂದೇ ಹಿಡಿದದ್ದು.

ಬೆಳಿಗ್ಗೆ ಡ್ರೈವರ್ ಗುಂಡಿ ಹಾಕಲು ಉಸಿರು ಬಿಗಿಹಿಡಿಯಬೇಕಾಯಿತು. ಅವನ ಮುಖ ನೋಡಿ ಅವಳಿಗೆ ಖುಷಿಯಾಯಿತು. ಆಯಿತು, ಸುಳ್ಳೇಕೆ?

"ಮನೇಲಿ ಮಾಡಿದ್ರೆ ಮೊದಲು ಇಳಿದು ಆಮೇಲೆ ಏರುತ್ತಂತೆ. ಜಿಮ್ಮೇ ಸರಿ ಅಂತಾರೆ ಎಲ್ಲರೂ" ಎಂದಳು, ಯಾರೂ ಅಂದಿರದ ಮಾತನ್ನು.

ಅವಳು ಹಾಕಿದ ಲೆಕ್ಕ ಒಂದು, ಆದದ್ದು ಇನ್ನೊಂದು. ಅವನು ಜಿಮ್ಮಿಗೆ ಹೋಗಲಿಲ್ಲ. ಒಂದು ಗಂಟೆಯ ಕಸರತ್ತನ್ನು ಎರಡು ಮಾಡಿದ. ಅವಳೂ ಬಿಡಲಿಲ್ಲ. ವಾರಕ್ಕೊಮ್ಮೆ ಅವನು ಎಷ್ಟು ಇಳಿದನೋ ಅಷ್ಟನ್ನು ಹಿಡಿಯುತ್ತ ಹೋದಳು, ಆ ಅರ್ಧ ಇಂಚು ಮಾತ್ರ ಯಾವಾಗಲೂ ಬಿಗಿಯಾಗಿ ಉಳಿಯುವಂತೆ. ಹಿಂದಿನ ಎರಡು ಜೇಬುಗಳು ಒಂದಕ್ಕೊಂದು ಹತ್ತಿರವಾಗುತ್ತ ಬಂದು ಕಡೆಗೆ ಮುತ್ತಿಡುವಷ್ಟು ಸಮೀಪಕ್ಕೆ ನಿಂತವು. ತನ್ನ ಬೆನ್ನು ತನಗೆ ಕಾಣುತ್ತದೆಯೇ? ಅದಕ್ಕೆ ಗೋಡೆಯಗಲದ ಕನ್ನಡಿ ಬೇಕು, ಅದಿರುವುದು ಜಿಮ್ಮಿನಲ್ಲಿ. ಡಿಪೋದಲ್ಲಿ ಯಾರೋ 'ಇಳಿದುಬಿಟ್ಟಿದ್ದೀಯಲ್ಲೋ' ಎಂದರೆ ಅಣಕಿಸುತ್ತಿದ್ದಾರೆಂದು ಅವರ ಮೇಲೆಯೇ ಹರಿಹಾಯ್ದ. ಸ್ಟೇರಿಂಗಿನ ಮುಂದೆ ಬೆರಳು ಆಡಿದರೂ, ಬಿಗಿ ಪ್ಯಾಂಟು ಹೊಟ್ಟೆಯನ್ನು ಒಳಗೊತ್ತಿದ್ದಕ್ಕೆ ಎಂದುಕೊಂಡ. ಮನೆಯಲ್ಲಿ ಅನ್ನ ಅರ್ಧಕ್ಕಿಳಿಯಿತು, ಆಮೇಲೆ ರಾತ್ರಿಯ ಊಟವೇ ನಿಂತಿತು. ಅವನು ಬಡವಾದಷ್ಟೂ ಸಿಡುಕು ಬೆಳೆಯಿತು. ಇಬ್ಬರೂ ಒಂದೇ ಸೂರಿನಡಿ ಹಲ್ಲು ಕಡಿದುಕೊಂಡು ಬದುಕಿದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಉಣ್ಣುವುದೇ ನಿಂತ ಮನೆಯಲ್ಲಿ ಜಗಳಕ್ಕೆ ಕೊನೆ ಎಲ್ಲಿ?

ಪರೀಕ್ಷೆಗೆ ಇನ್ನೊಂದೇ ದಿನ ಇದ್ದಾಗ, ಸಂಜೆ ಡ್ರೈವರ್ ಕೋಣೆಗೆ ಬಂದ. ಕ್ಯಾನು ಮುಟ್ಟಲಿಲ್ಲ. ಮೇಜಿನ ಮೇಲೆ ಒಂದು ಬಿಳಿ ಹಾಳೆ ಇಟ್ಟು ಗಿರಾಕಿಯ ಸ್ಟೂಲಿನ ಮೇಲೆ ಕೂತ.

"ನಿನ್ನ ಅಕ್ಷರ ಚೆನ್ನಾಗಿದೆ. ಬರಿ."

"ಏನಂತ?"

"ನಾಳೆ ಫೇಲಾದ್ರೆ ತೊಳೆಯೋ ಶೆಡ್ಡು. ಅದಕ್ಕೆ ಮೊದಲೇ ನಾನಾಗಿ ಬಿಟ್ಟುಕೊಟ್ರೆ ಡಿಪೋದಲ್ಲಿ ಬಸ್ ಬಂದುಹೋಗೋ ಟೈಮ್ ಬರೆಯೋ ಮೇಜು ಕೊಡ್ತಾರಂತೆ. ಇನ್ನು ಮುಂದೆ ನನಗೆ ಬಸ್ಸು ಬೇಡ ಅಂತ ಬರಿ."

ಅವಳು ಪೆನ್ನು ತೆಗೆದುಕೊಂಡಳು. ತಾರೀಖು ಬರೆದಳು, ಮಾನ್ಯರೇ ಎಂದು ಬರೆದಳು.

"ಇಪ್ಪತ್ತಾರು ವರ್ಷದಲ್ಲಿ ಒಂದು ಕೋಳಿಗೂ ಗುದ್ದಿಲ್ಲ ಅಂತ ಬರಿ. ಬೇಡ, ಕೋಳಿ ಬೇಡ. ಒಂದೂ ಅಪಘಾತ ಇಲ್ಲ ಅಂತ ಬರಿ." ಅವನು ತನ್ನ ಅಂಗೈ ನೋಡಿಕೊಂಡ. "ಎಲ್ಲಾ ಮಾಡಿದೆ ಕಣೆ. ಊಟ ಬಿಟ್ಟೆ. ನನ್ನ ಮೈ ನನ್ನ ಮಾತು ಕೇಳಲಿಲ್ಲ. ನೀನೂ ಸಾಕಷ್ಟು ಸಹಿಸಿದೆ. ಇನ್ನು ಕಸರತ್ತು ಗಿಸರತ್ತು ಇಲ್ಲ. ಕೋಣೆ ನಿನಗೇ ಇರ್ಲಿ."

ಕೋಣೆ ನಿನಗೇ ಇರಲಿ. ಮೂರು ತಿಂಗಳಿಂದ ಕೇಳಬೇಕೆಂದು ಕಾದಿದ್ದ ಮಾತು. ಇನ್ನು ನಾಲ್ಕು ಸಾಲು ಬರೆದು ಮುಗಿಸಿದರೆ ಸಾಕಿತ್ತು. ಅವಳು ಎರಡು ಸಾಲು ಬರೆದಳು ಕೂಡ. ಮೂರನೆಯ ಸಾಲಿಗೆ ಕೈ ಏಳಲಿಲ್ಲ. ಅವನ ಮೇಲೆ ಕರುಣೆ ಉಕ್ಕಿತೆಂದಲ್ಲ. ಅವನ ಮೇಲಿದ್ದ ಸಿಟ್ಟು ಹಾಗೇ ಇತ್ತು. ಅದರ ಪಕ್ಕದಲ್ಲೇ ತನ್ನ ಮೇಲೆ ಅಸಹ್ಯ ಬಂದು ಕೂತಿತು, ಅಷ್ಟೆ. ಇಪ್ಪತ್ತು ವರ್ಷದಲ್ಲಿ ಅವಳು ಯಾವ ಗಿರಾಕಿಯ ಅಳತೆಯಲ್ಲೂ ಮೋಸ ಮಾಡಿದವಳಲ್ಲ.

"ಎದ್ದು ನಿಲ್ಲಿ" ಎಂದಳು.

"ಯಾಕೆ?"

"ನಿಲ್ಲಿ ಅಂದ್ನಲ್ಲ!"

ಕೊರಳಿನಿಂದ ಟೇಪು ಎಳೆದು ಅವನ ಸೊಂಟಕ್ಕೆ ಸುತ್ತಿದಳು. ತುದಿಯನ್ನು ಅವನ ಕೈಗೇ ಕೊಟ್ಟಳು. "ಓದ್ಕೊಳ್ಳಿ."

"ಮೂವತ್ತೆಂಟು... ಟೇಪು ಸರಿಯಿಲ್ಲ ನಿನ್ನದು."

"ಟೇಪು ಸರಿಯಾಗಿದೆ. ಸರಿಯಿಲ್ಲದ್ದು ಪ್ಯಾಂಟು. ನಾನೇ ಹಿಡಿದೆ. ವಾರ ವಾರ ಹಿಡಿದೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಒಳಗೆ ಹೋಗಿ ಒಂದು ಪ್ಯಾಂಟು ತಂದು ತಿರುವಿ ನೋಡಿದ. ಬಿಚ್ಚಿದ ಹಳೆಯ ಹೊಲಿಗೆಗಳ ಸೂಜಿತೂತುಗಳು ಒಂದರ ಪಕ್ಕ ಒಂದು ಸಾಲಾಗಿ ಕಂಡವು. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟ.

"ಯಾಕೆ?"

"ಕೋಣೆ ಬೇಕಾಗಿತ್ತು."

"ಕೇಳಬಾರ್ದಿತ್ತಾ?"

"ಕೇಳಿದೆ. ನಿಮಗೆ ಕೇಳಿಸೋ ಹಾಗೆ ಕೇಳೋದು ಹೇಗೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

"ಇಪ್ಪತ್ತಾರು ವರ್ಷದ ಸ್ಟೇರಿಂಗು ಕಣೆ ಅದು" ಎಂದ. ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು, ಬೈಗುಳ ಸಿದ್ಧವಾಗಿಯೇ ಇತ್ತು. ಅವನು ಬೈಯಲಿಲ್ಲ. ಅರ್ಧ ಬರೆದ ಹಾಳೆಯನ್ನು ಎರಡು ತುಂಡು ಮಾಡಿ ಅವಳ ಮಿಷನ್ನಿನ ಮೇಲಿಟ್ಟು ಹೋದ.

ಮರುದಿನ ಅವನು ಪಾಸಾದ. ಅದನ್ನು ಅವಳಿಗೆ ಅವನು ಹೇಳಲಿಲ್ಲ; ಮೂರನೇ ದಿನ ಅವನು ಬಸ್ಸು ತಿರುಗಿಸುತ್ತಿದ್ದುದನ್ನು ಬೀದಿಯ ತುದಿಯಲ್ಲಿ ಅವಳೇ ಕಂಡಳು. ಆ ವಾರದೊಳಗೆ ಕ್ಯಾನುಗಳು ಅಡುಗೆಮನೆಗೆ ಮರಳಿದವು. ಮೇಜನ್ನು ಅವನೇ ಹಳೆಯ ಜಾಗಕ್ಕೆ ಎಳೆದ, ಪರದೆಯನ್ನು ಮೊಳೆಯಿಂದ ಬಿಡಿಸಿದ, ನೆಲ ಒರೆಸಿದ. ಈಗ ದಿನಾ ಬೆಳಿಗ್ಗೆ ಜಿಮ್ಮಿಗೆ ಹೋಗುತ್ತಾನೆ. ಕನ್ನಡಿಯ ಮುಂದೆ ನಿಲ್ಲುತ್ತಾನೆ, 'ಅಂಕಲ್' ಎಂದು ಕರೆಸಿಕೊಳ್ಳುತ್ತಾನೆ. ಅವಳ ಕೋಣೆಗೆ ಕಾಲಿಡುವುದಿಲ್ಲ. ಹೊರಗೆ ಹೋಗಬೇಕಾದರೂ ಹಿತ್ತಲ ಬಾಗಿಲಿನಿಂದ ಸುತ್ತಿ ಹೋಗುತ್ತಾನೆ. ಬೇಕಾದಷ್ಟಕ್ಕೆ ಮಾತಾಡುತ್ತಾನೆ: ಉಪ್ಪು, ನೀರು, ಬೀಗದ ಕೈ.

ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು. ಟೀಚರೂ ಬಂದರು. ಪರದೆಯ ಹಿಂದೆ ನಿಂತು, ಟೇಪು ಸೊಂಟ ಸುತ್ತುತ್ತಿದ್ದಂತೆ, ಎಂದಿನ ಹಾಗೆ ಬಾಯಿ ಬಿಚ್ಚಿದರು.

"ಅಲ್ಲಕ್ಕ, ಮಾರ್ಕೆಟ್ ಹತ್ರ ಇರೋ ಟೈಲರ್ ಅಂಗಡೀಲಿ ನಿಮ್ಮ ಯಜಮಾನರ ಪ್ಯಾಂಟು ನೋಡಿದೆ. ಮೂರೂ ಅಲ್ಲೇ ನೇತಾಕಿದ್ರು. ಹಿಂದೆ ಹಿಡಿದದ್ದನ್ನೆಲ್ಲ ಬಿಚ್ಚಿ ಸರಿ ಮಾಡೋಕೆ ಕೊಟ್ಟಿದ್ದಾರಂತೆ. ಯಾರು ಹೊಲಿದಿದ್ದು ಹೀಗೆ ಅಂತ ಆ ಟೈಲರ್ ಬಂದೋರಿಗೆಲ್ಲ ಜೇಬು ತೋರಿಸಿ ನಗ್ತಿದ್ದ. ಮನೇಲೇ ಇಷ್ಟು ಒಳ್ಳೆ ಟೈಲರ್ ಇದ್ದೂ ಯಾಕಕ್ಕ ಅಲ್ಲಿ ಕೊಟ್ರು?"

ಅವಳ ಬಾಯಲ್ಲಿ ಗುಂಡುಪಿನ್ನುಗಳಿದ್ದವು. ಅವನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು.

"ನನಗೆ ಕೆಲಸ ಜಾಸ್ತಿ ಟೀಚರೇ" ಎಂದಳು. "ಕೈ ಎತ್ತಿ."